ಜಾಡಿ ಹೊಟ್ಟೆ: ಕೊನೆಗೂ ಮೊಟ್ಟೆ ಕರಗಿತು

ಕರಗಿತು! ಹೊಟ್ಟೆ ಊಟ ಅರಗಿಸುವುದನ್ನು ಅನುಕರಿಸಲು ಮನೆಯಲ್ಲೇ ಕಟ್ಟಿದ ಜಾಡಿಯಲ್ಲಿ ಬೆಂದ ಮೊಟ್ಟೆಯ ಬಿಳಿ ಚೂರುಗಳ ಅಂಚು ಮೊದಲು ಗಾಜಿನಂತಾಯಿತು, ಮೂಲೆಗಳು ಸವೆದವು, ಬೆಳಗ್ಗೆ ನೋಡಿದರೆ ತಳದಲ್ಲಿ ಒಂದಿಷ್ಟು ಲೋಳೆ. ವಾಸನೆ ಕೇಳಬೇಡಿ, ಜಾಡಿ ಈಗ ಅಡುಗೆಮನೆಯಿಂದ ಬಾಲ್ಕನಿಗೆ ಗಡೀಪಾರಾಗಿದೆ.

ಜಾಡಿಗೆ ಮೈಬಿಸಿ ಕೊಡುವ 37 ಡಿಗ್ರಿ ನೀರಿನ ತೊಟ್ಟಿ, ಆ ಬಿಸಿ ಕಾಯುವ ಥರ್ಮೋಸ್ಟಾಟು, ಕಲಕುವ ಮೋಟಾರು, ಇಷ್ಟೇ ಸರಂಜಾಮು. ತಲೆ ತಿಂದಿದ್ದು ಒಂದೇ: ಜೋರಾಗಿ ಶುರುವಾದ ಕರಗುವ ಕೆಲಸ ಸ್ವಲ್ಪ ಹೊತ್ತಿಗೆ ನಿಂತೇಹೋಗುತ್ತಿತ್ತು.

ಮೊದಲ ಅನುಮಾನ ಪೆಪ್ಸಿನ್ ಮೇಲೆ, ಅಂದರೆ ಜಠರದಲ್ಲಿ ಆಸಿಡ್ ಜೊತೆ ಸೇರಿ ಪ್ರೋಟೀನು ಒಡೆಯುವ ಕಿಣ್ವದ ಮೇಲೆ. ಡಬ್ಬಿ ಮೇಲೆ 1:10000 ಎಂದಿದೆ, ಅಂದರೆ ಒಂದು ಗ್ರಾಂ ಪುಡಿ 10 ಕಿಲೋ ಬೆಂದ ಬಿಳಿಯನ್ನು ಕರಗಿಸಬೇಕು. ಮಾರಿದ ಪುಣ್ಯಾತ್ಮ ಮೇ ಬಿಸಿಲಲ್ಲಿ ಐಸ್ ಪ್ಯಾಕ್ ಇಲ್ಲದೆ ಕೊರಿಯರ್ ಮಾಡಿದ್ದ. ಕೇಳಿದರೆ, "ಏನಾಗಲ್ಲ ಸಾರ್, ಪೌಡರ್ ತಾನೇ!" ಗಂಟು ಕಟ್ಟಿದ ಆ ಪುಡಿಯನ್ನೇ ಮೊಟ್ಟೆಯ ಬಿಳಿ ಕದಡಿದ ನೀರಿಗೆ ಧಾರಾಳ ಆಸಿಡ್ ಜೊತೆ ಹಾಕಿದೆ. ಮಬ್ಬು ತಿಳಿಯಾಯಿತು. ಪುಡಿ ಜೀವಂತ!

ಹಾಗಾದರೆ ಕಳ್ಳ ಯಾರು? ಮೊಟ್ಟೆಯೇ. ಅದರ ಬಿಳಿ ಕ್ಷಾರೀಯ. ಹಳೆಯದಾದಷ್ಟೂ ಚಿಪ್ಪಿನಿಂದ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಪಿಎಚ್ (ಆಸಿಡ್ ಎಷ್ಟಿದೆ ಎನ್ನುವ ಅಳತೆ, ಅಂಕಿ ಇಳಿದಷ್ಟೂ ಆಸಿಡ್ ಹೆಚ್ಚು) 9 ದಾಟುತ್ತದೆ. ಮೇಲಾಗಿ ಪ್ರೋಟೀನು ಆಸಿಡನ್ನು ಹೀರಿಕೊಳ್ಳುತ್ತದೆ. ಪಿಎಚ್ 2ರಲ್ಲಿ ಶುರುವಾದ ಜಾಡಿ, ಕೆಲಸ ನಿಲ್ಲುವ ಹೊತ್ತಿಗೆ 4 ದಾಟಿತ್ತು. ಪೆಪ್ಸಿನ್‌ಗೆ 2ರ ಆಸುಪಾಸೇ ಹಿತ, 4ರಲ್ಲಿ ಅದಕ್ಕೆ ಜೋಮು.

ನಮ್ಮ ಹೊಟ್ಟೆಯಲ್ಲೂ ಊಟ ಬಿದ್ದ ಕೂಡಲೇ ಪಿಎಚ್ ಏರುತ್ತದೆ. ಆದರೆ ಜಠರದ ಗೋಡೆಯ ಕೋಶಗಳು ಆಸಿಡ್ ಸುರಿಸುತ್ತಲೇ ಇದ್ದು ಅದನ್ನು ಮತ್ತೆ ಇಳಿಸುತ್ತವೆ. ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್ 1825ರಲ್ಲಿ, ಹೊಟ್ಟೆಯ ಗುಂಡೇಟಿನ ತೂತು ಮುಚ್ಚದೆ ಉಳಿದಿದ್ದ ಅಲೆಕ್ಸಿ ಸೇಂಟ್ ಮಾರ್ಟಿನ್‌ನ ಜಠರರಸ ತೆಗೆದು ಬಾಟಲಿಯಲ್ಲಿ ಮಾಂಸ ಇಟ್ಟಾಗಲೂ ಹೊಟ್ಟೆಯೊಳಗಿನದಕ್ಕಿಂತ ಹಲವು ಗಂಟೆ ಹೆಚ್ಚು ಹಿಡಿದಿತ್ತು. ಬಾಟಲಿಗೆ ಹೊಸ ರಸ ಎಲ್ಲಿಂದ ಬರಬೇಕು?

ಪರಿಹಾರ ಮೆಡಿಕಲ್ ಸ್ಟೋರಿನ ಡ್ರಿಪ್ ಸೆಟ್. ಚಕ್ರ ತಿರುಗಿಸಿ ತೊಟ್ಟು ತೊಟ್ಟಾಗಿ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟು, ಆಗಾಗ ಪಿಎಚ್ ಕಾಗದ ಅದ್ದುವುದು. ನಾಚಿಕೆಯಾಗುವಷ್ಟು ಸರಳ.

ಮುಂದಿನದು ರಾಗಿಮುದ್ದೆ! ಅಗಿಯದೆ ನುಂಗುವುದರಿಂದ ಎಂಜಲಿನಲ್ಲಿರುವ, ಪಿಷ್ಟ ಒಡೆಯುವ ಅಮೈಲೇಸ್ ಅದರೊಳಗೆ ಹೋಗುವುದೇ ಕಷ್ಟ. ಆ ಗುಂಡನ್ನು ಜಠರದ ಕೆಳಭಾಗ ನಿಮಿಷಕ್ಕೆ ಸುಮಾರು ಮೂರು ಅಲೆಯಲ್ಲಿ ಹಿಂಡಿ, ಒಂದೆರಡು ಮಿಲಿಮೀಟರಿಗೆ ಇಳಿಸಿ ಕರುಳಿಗೆ ದಾಟಿಸಬೇಕು. ಅದಕ್ಕೆ ರಬ್ಬರ್ ಚೀಲ ಸಿಕ್ಕಿದೆ, ಹಿಂಡಲು ಕಾರಿನ ಹಳೇ ವೈಪರ್ ಮೋಟಾರು ಬೇಕು. ಯಾರ ಹತ್ತಿರವಾದರೂ ಇದ್ದರೆ ಹೇಳಿ, ಗುಜರಿಯವನು ಹೊಸದರ ರೇಟೇ ಹೇಳುತ್ತಿದ್ದಾನೆ.