ಲೆನ್ಸ್ ಹೋದ ಕ್ಯಾಮೆರಾನೇ ಸಾಕು

ಮಿನಿಡಿವಿ ಟೇಪುಗಳನ್ನು (ಹಿಂದೆ ವಿಡಿಯೋ ಕ್ಯಾಮೆರಾಗೆ ಹಾಕುತ್ತಿದ್ದ ಪುಟ್ಟ ಡಿಜಿಟಲ್ ಕ್ಯಾಸೆಟ್) ಕಂಪ್ಯೂಟರಿಗೆ ಇಳಿಸಿಕೊಳ್ಳೋಕೆ ಕಡಿಮೆ ದುಡ್ಡಿನ ಡೆಕ್, ಅಂದರೆ ಟೇಪು ಓಡಿಸುವ ಮಷೀನು, ಯಾವುದಿದೆ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ಡೆಕ್ ಬೇಡ, ಅದೇ ಟೇಪು ಹಾಕುವ ಹಳೇ ಹ್ಯಾಂಡಿಕ್ಯಾಮ್ ಹುಡುಕಿ.

ಡೆಕ್ ಕೆಟ್ಟದ್ದು ಅಂತಲ್ಲ. ಸೋನಿ ಡಿಎಸ್ಆರ್-11 ಪುಕ್ಕಟೆ ಸಿಕ್ಕರೆ ಯಾರು ಬೇಡ ಅಂತಾರೆ? ಚಿಕ್ಕ ಟೇಪು, ದೊಡ್ಡ ಟೇಪು, ಸೋನಿಯ ವೃತ್ತಿಪರ ಬಗೆಯಾದ ಡಿವಿಕ್ಯಾಮ್ ಎಲ್ಲವನ್ನೂ ಓಡಿಸುತ್ತದೆ. ಆದರೆ ಸೆಕೆಂಡ್ ಹ್ಯಾಂಡಲ್ಲೂ ಅದರ ರೇಟು ಜಾಸ್ತಿ. ಅಷ್ಟು ಕೊಟ್ಟರೂ ಟೇಪು ಓದುವ ಹೆಡ್ ಎಷ್ಟು ಸವೆದಿದೆಯೋ ಗೊತ್ತಾಗಲ್ಲ. ಎಡಿಟಿಂಗ್ ಸ್ಟುಡಿಯೋದಲ್ಲಿ ದಿನವಿಡೀ ದುಡಿದ ಡೆಕ್ಕಿಗಿಂತ, ಮನೆಯವರು ನಾಮಕರಣಕ್ಕೋ ಟೂರಿಗೋ ಹೊರಗೆ ತೆಗೆದ ಕ್ಯಾಮೆರಾ ಎಷ್ಟೋ ವಾಸಿ.

ಚಿತ್ರದ ಗುಣಮಟ್ಟದಲ್ಲಿ ಫರಕು ಬರಲ್ವಾ? ಬರಲ್ಲ. ಡಿವಿ ಟೇಪಿನ ಮೇಲಿರೋದೇ ಡಿಜಿಟಲ್ ಮಾಹಿತಿ. ಫೈರ್‌ವೈರ್ (ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಹಳೇ ಬಗೆಯ ಸಂಪರ್ಕ) ಕೇಬಲ್ಲಲ್ಲಿ ಅದು ಇದ್ದ ಹಾಗೇ ಫೈಲಾಗಿ ಬರುತ್ತದೆ, ಒಂದು ಗಂಟೆಗೆ ಸುಮಾರು 13 ಜಿಬಿ. ಹೆಡ್ ಸರಿಯಾಗಿ ಓದಿದರೆ ಆಯ್ತು. ಹಳದಿ, ಬಿಳಿ, ಕೆಂಪು ಪಿನ್ನಿನ ಎವಿ ವೈರು ಹಾಕಿದರೆ ಮಾತ್ರ ಚಿತ್ರ ಅನಲಾಗ್ ಆಗಿ ಬಂದು ಈ ಲಾಭ ಕೈಬಿಟ್ಟು ಹೋಗುತ್ತದೆ.

ನನ್ನದು ಸಾಗರದ ಒಂದು ಫೋಟೋ ಸ್ಟುಡಿಯೋದಲ್ಲಿ ಸಿಕ್ಕಿತು. ಮೆಮೊರಿ ಕಾರ್ಡಿನ ಕ್ಯಾಮೆರಾ ಬಂದ ಮೇಲೆ ಮದುವೆ ವಿಡಿಯೋದವರ ಹತ್ತಿರ ಟೇಪಿನ ಮಷೀನುಗಳು ಸುಮ್ನೆ ಬಿದ್ದಿವೆ. ಅಂಗಡಿಯವರು ಬೀರುವಿನ ಮೇಲಿಂದ ಒಂದನ್ನು ಇಳಿಸಿ ಧೂಳು ಒರೆಸಿದರು. "ಇದ್ರ ಲೆನ್ಸ್ ಹೋಗಿದೆ ಮಾರಾಯ್ರೆ, ತಗೊಂಡು ಎಂತ ಮಾಡ್ತೀರಿ?" ಲೆನ್ಸ್ ಯಾರಿಗೆ ಬೇಕು! ಅದು ಹೋಗಿದ್ದಕ್ಕೇ ಕ್ಯಾಮೆರಾ ಎರಡು ಸಾವಿರಕ್ಕೆ ಬಂತು.

ದುಡ್ಡು ಕೊಡುವ ಮೊದಲು ಅಲ್ಲೇ ನಿಂತು ನೋಡಬೇಕಾದದ್ದು ಟೇಪಿನ ಬಾಗಿಲು. ಎಜೆಕ್ಟ್ ಒತ್ತಿದರೆ ಅದು ತೊದಲದೆ ಏಳಬೇಕು, ಒಳಗೆ ತಳ್ಳಿದರೆ ತಾನೇ ಎಳೆದುಕೊಳ್ಳಬೇಕು. ಬೇಕಿಲ್ಲದ ಟೇಪೊಂದನ್ನು ಹಾಕಿ ಹತ್ತು ನಿಮಿಷ ಓಡಿಸಿ. ಚಿತ್ರ ಚೌಕಚೌಕವಾಗಿ ಒಡೆದರೆ ಹೆಡ್ಡಿಗೆ ಕೊಳೆ ಹಿಡಿದಿದೆ, ಇಲ್ಲವೇ ಸವೆದಿದೆ. ನಾಲ್ಕು ಪಿನ್ನಿನ ಡಿವಿ ಸಾಕೆಟ್ಟಿಗೆ ಟಾರ್ಚ್ ಬಿಟ್ಟು ನೋಡಿ, ಪಿನ್ನು ಬಾಗಿರಬಾರದು. ಚಾರ್ಜರ್ ಕೇಳಿ ಇಸಿದುಕೊಳ್ಳಿ. ಟಚ್ ಸ್ಕ್ರೀನ್ ಸತ್ತಿದ್ದರೂ ಹೆದರಬೇಡಿ. ಪ್ಲೇ, ರಿವೈಂಡ್ ಎಲ್ಲ ಫೈರ್‌ವೈರ್ ಮೂಲಕ ಕಂಪ್ಯೂಟರಿಂದಲೇ ಮಾಡಬಹುದು.

ನಿಜವಾದ ತಲೆನೋವು ಕಂಪ್ಯೂಟರಿಂದು. ಈಗಿನ ಲ್ಯಾಪ್‌ಟಾಪಲ್ಲಿ ಫೈರ್‌ವೈರ್ ಇಲ್ಲ. 2025ರ ಮ್ಯಾಕ್ ಓಎಸ್ ಟಾಹೋದಲ್ಲಿ ಆಪಲ್ ಅದನ್ನು ಪೂರ್ತಿ ತೆಗೆದೇ ಬಿಟ್ಟಿದೆ. ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಫೈರ್‌ವೈರ್ ಇರುವ ಅಗ್ಗದ ಕೇಬಲ್ ಆನ್‌ಲೈನಲ್ಲಿ ಮಾರುತ್ತಾರೆ. ಶುದ್ಧ ಮೋಸ, ಡಿವಿ ಅದರಲ್ಲಿ ಬರೋದೇ ಇಲ್ಲ. ನಾನು ಮನೆಯ ಹಳೇ ಡೆಸ್ಕ್‌ಟಾಪಿಗೆ ಬೆಂಗಳೂರಿನ ಎಸ್.ಪಿ. ರೋಡಿಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿನ ಫೈರ್‌ವೈರ್ ಕಾರ್ಡ್ ತರಿಸಿ ಹಾಕಿದೆ. ಸಾಫ್ಟ್‌ವೇರ್ ವಿನ್‌ಡಿವಿ, ಪುಟಾಣಿ, ಪುಕ್ಕಟೆ. ಲಿನಕ್ಸ್ ಬಳಸುವವರಿಗೆ ಡಿವಿಗ್ರ್ಯಾಬ್ ಇದೆ.

ವಿನ್‌ಡಿವಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಚಿತ್ರ ತೆಗೆದ ದಿನ, ಹೊತ್ತು ಟೇಪಿನಲ್ಲೇ ದಾಖಲಾಗಿರುತ್ತದಲ್ಲ, ಅದನ್ನೇ ಫೈಲಿನ ಹೆಸರು ಮಾಡುತ್ತದೆ. ನಮ್ಮ ಚಿಕ್ಕಪ್ಪ ತೆಗೆದ ಬಯಲಾಟದ ಫೈಲುಗಳು ರಾತ್ರಿ ಹತ್ತೂವರೆಯಿಂದ ಬೆಳಗಿನ ಜಾವದವರೆಗೆ ಸಾಲಾಗಿ ಕೂತಿವೆ. ರಾತ್ರಿ ಎರಡು ಗಂಟೆ ಕಳೆದ ಮೇಲಿನವುಗಳಲ್ಲಿ ಕ್ಯಾಮೆರಾ ತೂಕಡಿಸೋದು ಚೆನ್ನಾಗಿ ಕಾಣುತ್ತದೆ!

ಚಿಕ್ಕಪ್ಪನ ಉಳಿತಾಯಬುದ್ಧಿ ಮಾತ್ರ ನನಗೆ ಕಾಟ ಕೊಟ್ಟಿತು. ರಾತ್ರಿಯಿಡೀ ನಡೆಯುವ ಆಟ, ಟೇಪು ದುಬಾರಿ. ಹಾಗಾಗಿ ಎಲ್‌ಪಿ ಮೋಡ್, ಅಂದರೆ ಟೇಪನ್ನು ನಿಧಾನಕ್ಕೆ ಓಡಿಸಿ ಹೆಚ್ಚು ಹೊತ್ತು ತುಂಬಿಸೋದು. ಅರವತ್ತು ನಿಮಿಷದ ಟೇಪಿಗೆ ತೊಂಬತ್ತು ನಿಮಿಷ ಹಿಡಿಸಿದ್ದಾರೆ. ಮಾಮೂಲಿ ಮೋಡ್ ಎಸ್‌ಪಿಯಲ್ಲಿ ಟ್ರ್ಯಾಕಿನ (ಟೇಪಿನ ಮೇಲೆ ಚಿತ್ರ ದಾಖಲಾಗುವ ಗೆರೆ) ಅಗಲ 10 ಮೈಕ್ರಾನ್, ಎಲ್‌ಪಿಯಲ್ಲಿ ಬರೀ 6.7. ಬೇರೆ ಮಷೀನಿನ ಹೆಡ್ ಕೂದಲೆಳೆಯಷ್ಟು ಆಚೀಚೆ ಇದ್ದರೂ ಓದಲು ಒದ್ದಾಡುತ್ತದೆ. ಅಂಥ ಟೇಪಿಗೆ ಅದನ್ನು ತೆಗೆದ ಕ್ಯಾಮೆರಾಗಿಂತ ಒಳ್ಳೇ ಡೆಕ್ ಇಲ್ಲ. ಕೆಟ್ಟಿದ್ದರೂ ಎಸೆಯಬೇಡಿ, ರಿಪೇರಿಗೆ ಕೇಳಿ ನೋಡಿ.

ಉಳಿದಿರೋದು ಅಮೆರಿಕದಿಂದ ಅಣ್ಣ ಕಳಿಸಿದ ಟೇಪುಗಳು. ಅವು ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ, ನನ್ನ ಕ್ಯಾಮೆರಾ ನಮ್ಮಲ್ಲಿನ ಪಾಲ್, ಅದರಲ್ಲಿ ಅವು ಓಡಲ್ಲ. ಡಿಎಸ್ಆರ್-11 ಆಗಿದ್ದರೆ ಎರಡನ್ನೂ ಓಡಿಸುತ್ತಿತ್ತು ನಿಜ. ಆದರೆ ಅಷ್ಟಕ್ಕೇ ಡೆಕ್ ಕೊಳ್ಳಲಾರೆ. ಲೆನ್ಸ್ ಹೋದದ್ದು ಅಲ್ಲೇ ಒಂದು ಹುಡುಕಿಡು, ರಜೆಗೆ ಬರುವಾಗ ತಾ ಅಂತ ಅಣ್ಣನಿಗೇ ಹೇಳಿದ್ದೇನೆ.