ಅಡುಗೆಮನೆಗೆ ಬಂದ ಇಪ್ಪತ್ತೇಳು ಕೋಟಿ

ಉಡುಪಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ನಾನು ಮ್ಯಾನೇಜರ್. ಗಲ್ಲಾ, ಸಾಮಾನಿನ ಲೆಕ್ಕ, ಹುಡುಗರ ರಜೆ, ಸಂಬಳ ಎಲ್ಲ ನಾನೇ ನೋಡಿಕೊಳ್ಳಬೇಕು. ಕೆಲಸಕ್ಕೆ ಜನ ಹುಡುಕುವುದೂ ನನ್ನ ತಲೆಗೇ. ಐಪಿಎಲ್ ನೋಡುವವರು ತಮ್ಮದೇ ತಂಡದ ದುಬಾರಿ ಆಟಗಾರನ ಮೇಲೆ ಯಾಕೆ ಹರಿಹಾಯುತ್ತಾರೆ ಅನ್ನುವುದು ನನಗೆ ಸರಿಯಾಗಿ ಅರ್ಥವಾಗಿದ್ದು ನಮ್ಮ ದೋಸೆ ಕಾವಲಿಯ ಪಕ್ಕದಲ್ಲಿ.

2025ರ ಬೇಸಿಗೆಯಲ್ಲಿ ನಮ್ಮ ಹಳೆ ದೋಸೆ ಮಾಸ್ಟರ್ ಕೆಲಸ ಬಿಟ್ಟು ಮುಂಬೈಗೆ ಹೋದರು. ಶಾಲೆಗಳಿಗೆ ರಜೆ. ಕೃಷ್ಣ ಮಠಕ್ಕೆ ಬರುವ ಜನ ಜಾಸ್ತಿ. ಭಾನುವಾರ ಬೆಳಿಗ್ಗೆ ಏಳೂವರೆಗೆಲ್ಲ ಟೇಬಲ್ ಭರ್ತಿ. ಆ ಹೊತ್ತಿಗೆ ಎರಡು ಕಾವಲಿ ಒಟ್ಟಿಗೆ ನಡೆಸುವವರು ಬೇಕಿತ್ತು. ಸಿಕ್ಕಿದ್ದು ಒಬ್ಬರೇ, ಕುಂದಾಪುರ ಕಡೆಯವರು. ಅವರನ್ನು ಬಿಟ್ಟುಕೊಡಲು ಅಲ್ಲಿನ ಮಾಲೀಕರಿಗೆ ಮನಸ್ಸಿಲ್ಲ. ಅವರೂ ಸಂಬಳ ಏರಿಸಿದರು, ನಾವೂ ಏರಿಸಿದೆವು. ಕೊನೆಗೆ ನಮ್ಮಲ್ಲಿ ಬೇರೆ ಯಾರಿಗೂ ಇಲ್ಲದ ಸಂಬಳಕ್ಕೆ ಬಂದರು, ಮುಂಗಡ ಬೇರೆ. ಇಂಥ ಸುದ್ದಿ ಹೋಟೆಲಿನಲ್ಲಿ ಮುಚ್ಚಿಡಲು ಆಗುವುದಿಲ್ಲ. ಸಂಜೆಯೊಳಗೆ ಕ್ಲೀನರ್ ಹುಡುಗನಿಗೂ ಗೊತ್ತಾಯಿತು. ಅವರಿಗೆ ಹೆಸರೂ ಬಿತ್ತು: ಇಪ್ಪತ್ತೇಳು ಕೋಟಿ.

ಲಖನೌ ತಂಡ ರಿಷಭ್ ಪಂತ್‌ಗೆ 27 ಕೋಟಿ ಕೊಟ್ಟ ಸೀಸನ್ ಅದು. ಹುಡುಗರು ರಾತ್ರಿ ಪಾತ್ರೆ ತೊಳೆದು ಮುಗಿಸಿ ಒಂದೇ ಫೋನಿನ ಸುತ್ತ ಕೂತು ಮ್ಯಾಚ್ ನೋಡುತ್ತಿದ್ದರು. ಪಂತ್ ಔಟಾದರೆ ಸಾಕು, ಬೈಗುಳ ಶುರು.

ಆ 27 ಕೋಟಿ ಹೇಗೆ ಬಂತು ನೋಡಿ. 2024ರ ನವೆಂಬರ್, ಸೌದಿಯ ಜೆಡ್ಡಾದಲ್ಲಿ ಐಪಿಎಲ್ ಆಟಗಾರರ ಹರಾಜು. ಪಂತ್ ಬೆಲೆ ಲಖನೌ ಕೂಗಿದ 20.75 ಕೋಟಿಗೆ ನಿಂತಿತ್ತು. ಅಷ್ಟೇ ಬೆಲೆಗೆ ತನ್ನ ಹಳೆ ಆಟಗಾರನನ್ನು ವಾಪಸ್ ಪಡೆಯುವ ಹಕ್ಕು ಡೆಲ್ಲಿಗಿತ್ತು, ಅದನ್ನು ಬಳಸಿತು. ಆಗ ಲಖನೌಗೆ ಕೊನೆಯದಾಗಿ ಒಂದು ಬೆಲೆ ಹೇಳುವ ಅವಕಾಶ. ಒಂದೇ ಸಲಕ್ಕೆ 27 ಅಂದಿತು. ಡೆಲ್ಲಿ ಕೈಬಿಟ್ಟಿತು. ಆ ಒಂದು ಕ್ಷಣದಲ್ಲಿ ಏರಿದ ಆರೂಕಾಲು ಕೋಟಿಗೂ ಪಂತ್ ಬ್ಯಾಟಿಗೂ ಏನು ಸಂಬಂಧ? ಕೊಳ್ಳುವವನಿಗೆ ಅವತ್ತು ಎಷ್ಟು ಅಗತ್ಯ ಇತ್ತು ಅನ್ನುವುದನ್ನು ಅದು ಹೇಳುತ್ತದೆ, ಅಷ್ಟೇ. ನಮ್ಮ ಮಾಸ್ಟರ್ ಸಂಬಳವೂ ಹಾಗೆಯೇ ಏರಿದ್ದು. ಆದರೆ ನೋಡುವವರು ಅದನ್ನು ಆ ಮನುಷ್ಯ ಕೊಟ್ಟ ಮಾತು ಅಂತ ಓದುತ್ತಾರೆ. ಇಷ್ಟು ತೆಗೆದುಕೊಂಡಿದ್ದಾನೆ, ಇಷ್ಟು ರನ್ ಕೊಡಲೇಬೇಕು.

ಅಭಿಮಾನಿಗಳ ಸಿಟ್ಟು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಒಂದೊಂದು ತಂಡದ ಕೈಯಲ್ಲಿ ಇದ್ದದ್ದು 120 ಕೋಟಿ. ಅದರಲ್ಲಿ 27 ಒಬ್ಬನಿಗೇ ಹೋದರೆ ಬೌಲರ್‌ಗಳಿಗೆ ಉಳಿಯುವುದು ಕಮ್ಮಿ ಅಲ್ವಾ? ನಮ್ಮಲ್ಲೂ ಒಬ್ಬ ಸಪ್ಲೈಯರ್ ಸಂಬಳ ಏರಿಸಿ ಅಂತ ಕೇಳಿದ್ದ. ಮುಂದಿನ ವರ್ಷ ನೋಡೋಣ ಅಂತ ಧಣಿಗಳು ಹೇಳಿದ್ದರು. ಅಷ್ಟರಲ್ಲಿ ಮಾಸ್ಟರ್ ಬಂದರು. ಒಂದೊಂದು ದೋಸೆ ಎತ್ತಿಕೊಂಡು ಹೋಗುವಾಗಲೂ ಅವನಿಗೆ ಕಾಣುತ್ತಿದ್ದದ್ದು ತನಗೆ ಬಾರದ ದುಡ್ಡು.

ಮೊದಲ ವಾರಗಳಲ್ಲಿ ದೋಸೆ ಸರಿಯಾಗಿ ಬರಲಿಲ್ಲ. ಕೆಂಪಗಾಗದೆ ಬಿಳುಚಿಕೊಳ್ಳುತ್ತಿತ್ತು, ಬಾಯಿಗಿಟ್ಟರೆ ಹುಳಿ. ಗಿರಾಕಿಗಳು ವಾಪಸ್ ಕಳಿಸಿದರು. ಒಂದು ದೋಸೆ ಹರಿದರೆ "ಇಪ್ಪತ್ತೇಳು ಕೋಟಿ ಔಟ್ ಮಾರಾಯ್ರೇ" ಅಂತ ಒಳಗಿನಿಂದ ಕೂಗು. ಅದು ಅವರ ಕಿವಿಗೂ ಬೀಳುತ್ತಿತ್ತು. ಐವತ್ತು ದಾಟಿದ ಮನುಷ್ಯ ತಲೆ ತಗ್ಗಿಸಿ ಕಾವಲಿಗೆ ನೀರು ಚಿಮುಕಿಸುತ್ತಾ ನಿಂತದ್ದು ನೋಡಿ ನನಗೆ ಬಹಳ ಬೇಜಾರಾಯಿತು.

ಬೆಳಗ್ಗಿನ ಜಾವ ನಾನೇ ಹೋಗಿ ಹಿಟ್ಟು ನೋಡಿದೆ. ಚಳಿಗಾಲದಲ್ಲಿ ರುಬ್ಬುವ ಹೊತ್ತಿಗೇ, ಸಂಜೆ ಐದಕ್ಕೇ, ಅಡುಗೆಮನೆಯ ಹುಡುಗರು ರುಬ್ಬಿ ಇಡುತ್ತಿದ್ದರು. ಏಪ್ರಿಲ್ ಸೆಕೆಗೆ ಬೆಳಿಗ್ಗೆ ಅಂದರೆ ಹಿಟ್ಟು ಉಬ್ಬಿ ಇಳಿದೂ ಆಗಿರುತ್ತಿತ್ತು. ಫ್ರಿಜ್‌ನಲ್ಲಿ ಹಿಟ್ಟಿನ ಜಾಗಕ್ಕೆ ಜ್ಯೂಸಿನ ಹಣ್ಣು ಬಂದು ಕೂತಿತ್ತು. ಅಷ್ಟು ಹುಳಿ ಬಂದ ಹಿಟ್ಟನ್ನು ಯಾವ ಮಾಸ್ಟರ್ ಎಷ್ಟು ಕಾಯಿಸಿದರೂ ಕೆಂಪಗಾಗುವುದಿಲ್ಲ. ಅಡುಗೆಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲದ ವಿಷಯ ಅಲ್ಲ. ಆದರೂ ಒಬ್ಬರೂ ಹಿಟ್ಟಿನ ಮಾತು ಎತ್ತಲಿಲ್ಲ. ಯಾರನ್ನು ಬೈಯಬೇಕು ಅಂತ ಮೊದಲೇ ತೀರ್ಮಾನ ಆಗಿತ್ತಲ್ಲ.

ಲಖನೌ ಕಥೆಯೂ ಬೇರೆಯಲ್ಲ. ಪಂತ್ ಚೆನ್ನಾಗಿ ಆಡಲಿಲ್ಲ ಅನ್ನುವುದು ನಿಜ. ಇಡೀ ಸೀಸನ್‌ಗೆ 269 ರನ್, ಅದರಲ್ಲಿ 118 ಕೊನೆಯ ಪಂದ್ಯದ್ದೇ. ಆದರೆ ಅದೇ ತಂಡದ ವೇಗಿ ಮೊಹ್ಸಿನ್ ಖಾನ್ ಗಾಯವಾಗಿ ಪೂರ್ತಿ ಹೊರಗಿದ್ದರು. ಮಯಾಂಕ್ ಯಾದವ್ ಆಡಿದ್ದು ಎರಡೇ ಪಂದ್ಯ. ಇವರ ಬಗ್ಗೆ ನಮ್ಮ ಹುಡುಗರ ಬಾಯಲ್ಲಿ ಒಂದು ಮಾತು ಕೇಳಲಿಲ್ಲ.

ನಮ್ಮ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್‌ನನ್ನೇ ತೆಗೆದುಕೊಳ್ಳಿ. 2024ರಲ್ಲಿ ಲಖನೌಗೆ 17 ಕೋಟಿಯ ನಾಯಕ, 520 ರನ್. ಕರಾವಳಿಯವರೇ ಬೈದರು. ಮರುವರ್ಷ ಡೆಲ್ಲಿಗೆ 14 ಕೋಟಿಗೆ ಹೋಗಿ 539 ರನ್ ಹೊಡೆದಾಗ ಅದೇ ಬಾಯಿಗಳು ಹೊಗಳಿದವು. ಆಟದ ವೇಗ ಹೆಚ್ಚಿತ್ತು, ಒಪ್ಪುತ್ತೇನೆ. ಆದರೆ ನನ್ನ ಪ್ರಕಾರ, ಬೆಲೆ ಇಳಿದು ನಾಯಕತ್ವದ ಭಾರ ಹೋದದ್ದರಿಂದ ನೋಡುವವರ ಕಣ್ಣೂ ಬದಲಾಯಿತು. ಆಸ್ಟ್ರೇಲಿಯಾದ ವೇಗಿ ಮಿಚೆಲ್ ಸ್ಟಾರ್ಕ್‌ಗೆ ಮಾತ್ರ ಬೆಲೆ ಇಳಿಯದೆ ಮರ್ಯಾದೆ ವಾಪಸ್ ಬಂತು. 2024ರಲ್ಲಿ ಕೋಲ್ಕತಾಗೆ 24.75 ಕೋಟಿ, ಮೊದಲೆರಡು ಪಂದ್ಯದಲ್ಲಿ 100 ರನ್ ಕೊಟ್ಟು ಒಂದೂ ವಿಕೆಟ್ ಇಲ್ಲ. ಕೊನೆಗೆ ಫೈನಲ್‌ನಲ್ಲಿ ಪಂದ್ಯಶ್ರೇಷ್ಠ. ಕೋಲ್ಕತಾ ಅಲ್ಲಿಯವರೆಗೆ ಅವರನ್ನು ನಂಬಿ ಕಾಯಿತು.

ನಾನು ಮಾಡಿದ್ದು ಇಷ್ಟು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಮಾಸ್ಟರ್ ಎದುರೇ ಹೇಳಿದೆ: "ಇವರನ್ನು ತಂದದ್ದು ಭಾನುವಾರ ಎರಡು ಕಾವಲಿ ನಡೆಸಲಿಕ್ಕೆ. ದೋಸೆ ತಡವಾದರೆ ಇವರನ್ನು ನಾನು ಕೇಳುತ್ತೇನೆ. ಹಿಟ್ಟು ಹುಳಿಯಾದರೆ ನೀವು ನನ್ನನ್ನು ಕೇಳಿ. ಆ ಹೆಸರು ಇನ್ನು ಬೇಡ." ರುಬ್ಬುವುದನ್ನು ರಾತ್ರಿಗೆ ಹಾಕಿದೆವು. ಹಣ್ಣಿಗೆ ಬೇರೆ ಜಾಗ ಮಾಡಿದೆವು. ದೋಸೆ ಕೆಂಪಗಾಯಿತು. ಹೆಸರು ಹೋಗಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು.

ಈಗ ಹೊಸಬರು ಯಾರೇ ಬರಲಿ, ಯಾವ ಕೆಲಸಕ್ಕೆ ಬಂದರು ಅಂತ ಮೊದಲ ದಿನವೇ ಎಲ್ಲರ ಮುಂದೆ ಹೇಳಿಬಿಡುತ್ತೇನೆ. ಆ ಸಪ್ಲೈಯರ್ ವಿಷಯ ಮಾತ್ರ ಹಾಗೇ ಉಳಿದಿದೆ. ಅವನಿಗೆ ಕಾವಲಿ ಕೆಲಸ ಕಲಿಸಿ ಸಂಬಳ ಏರಿಸೋಣ ಅಂತ ಧಣಿಗಳ ಹತ್ತಿರ ಕೇಳಿದ್ದೇನೆ. ಮಾಸ್ಟರ್ ಕಲಿಸಲು ಒಪ್ಪಿದ್ದಾರೆ, ಧಣಿಗಳು ಇನ್ನೂ ಹೂಂ ಅಂದಿಲ್ಲ.