ಗೋಳಗುಮ್ಮಟದಲ್ಲಿ ಗದ್ದಲ ಬೇಡವಂತೆ

ವಿಜಯಪುರ, 9 ಜನವರಿ 2024, ಮಂಗಳವಾರ

ಗೋಳಗುಮ್ಮಟದೊಳಗೆ ಜನರನ್ನು ಸುಮ್ಮನಿರಿಸುವುದು ಇವತ್ತು ನನಗೆ ಬಿದ್ದ ಕೆಲಸ. ಈ ಊರಿನವರಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮೇಲೆ ಹತ್ತಿ, ಒಂದು ಸಲವೂ ಕೂಗದೆ ಇಳಿದು ಬಂದ ಮಗುವನ್ನು ನಾನಂತೂ ಕಂಡಿಲ್ಲ.

ಬೆಂಗಳೂರಿನಿಂದ ಬಂದಿರುವ ತಂಡ ಉತ್ತರ ಕರ್ನಾಟಕದ ಸ್ಮಾರಕಗಳ ಬಗ್ಗೆ ಟಿ.ವಿ.ಗೆ ಸರಣಿಯೊಂದನ್ನು ಮಾಡುತ್ತಿದೆ. ನಾನು ಸ್ಥಳೀಯ ಪ್ರೊಡಕ್ಷನ್ ಅಸಿಸ್ಟೆಂಟ್. ಪುರಾತತ್ತ್ವ ಇಲಾಖೆಯ ಅನುಮತಿ ಪತ್ರದ ನಕಲುಗಳು, ನೀರಿನ ಬಾಟಲಿ, ಬಟನ್ ಸೆಲ್‌ನಿಂದ ಕ್ಯಾಮೆರಾ ಬ್ಯಾಟರಿಯವರೆಗೆ ಎಲ್ಲವೂ ನನ್ನ ಚೀಲದಲ್ಲಿರುತ್ತವೆ. ಯಾರಿಗೆ ಏನು ಸಿಗದಿದ್ದರೂ ಮೊದಲು ಕೇಳಿಬರುವುದು ನನ್ನ ಹೆಸರು.

ಬಾಗಿಲು ತೆರೆಯುತ್ತಿದ್ದಂತೆಯೇ ಒಳಗೆ ಹೋದೆವು. ಮೂಲೆಯ ಗೋಪುರದ ಏಳು ಅಂತಸ್ತನ್ನು ಇಕ್ಕಟ್ಟಿನ ಮೆಟ್ಟಿಲುಗಳಲ್ಲಿ ಏರಬೇಕು. ಟ್ರೈಪಾಡ್ ಹೊತ್ತವನಿಗೆ ಒಂದೊಂದು ತಿರುವೂ ಒಂದು ಪರೀಕ್ಷೆ. ಮಾಳಿಗೆಗೆ ಬಂದು ಚಿಕ್ಕ ಬಾಗಿಲಿನಲ್ಲಿ ಒಳಹೊಕ್ಕರೆ ಪಿಸುಗುಟ್ಟುವ ಗ್ಯಾಲರಿ. ಮೊದಲ ಅರ್ಧ ಗಂಟೆ ನಮ್ಮದೇ ರಾಜ್ಯ. ಅಷ್ಟರಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬಂದವು. ಜನವರಿಯಲ್ಲಿ ಬಾರದೆ ಇನ್ನಾವಾಗ ಬಂದಾವು?

ಮಕ್ಕಳನ್ನು ಬೇಡಿಕೊಂಡೆ, ಶಿಕ್ಷಕರಿಗೆ ಕೈ ಮುಗಿದೆ. ಅವರು ‘ಶ್!’ ಎಂದರು. ಆ ‘ಶ್’ ಗ್ಯಾಲರಿಯನ್ನು ಸುತ್ತು ಹಾಕಿ ಮತ್ತೆ ಮತ್ತೆ ಕೇಳಿಸಿತು. ಕಾವಲುಗಾರರು ನನ್ನ ಮೇಲಿನ ಕರುಣೆಯಿಂದ ಸೀಟಿ ಊದಿದರು. ಅದಂತೂ ಏಳು ಸಲ. ಮಕ್ಕಳಿಗೆ ಸೀಟಿಯೇ ಹೆಚ್ಚು ಇಷ್ಟವಾಗಿ ಅದನ್ನೇ ಅನುಕರಿಸತೊಡಗಿದರು. ಇಷ್ಟರ ನಡುವೆ ಹತ್ತಿರದ ನಿಲ್ದಾಣದ ಕಡೆಯಿಂದ ರೈಲಿನ ಶಿಳ್ಳೆ. ‘ಅದನ್ನೂ ನಿಲ್ಲಿಸಲೇ?’ ಎಂದು ಕೇಳಬೇಕೆನಿಸಿತು, ನಿರ್ದೇಶಕರ ಮುಖ ನೋಡಿ ಸುಮ್ಮನಾದೆ.

ಗದ್ದಲ ನಿಂತಾಗಲೂ ಕೆಲಸ ಸಾಗಲಿಲ್ಲ ಎಂಬುದೇ ಇವತ್ತಿನ ತಮಾಷೆ. ನಿರೂಪಕಿಯ ಎದೆಗೆ ಸಿಕ್ಕಿಸಿದ ಪುಟ್ಟ ಮೈಕ್ ಬಾಯಿಗೆ ಗೇಣು ದೂರದಲ್ಲಿದ್ದರೂ, ಅವರು ಎರಡನೇ ವಾಕ್ಯ ಶುರು ಮಾಡುವಾಗ ಮೊದಲನೆಯದು ಇನ್ನೂ ತಿರುಗುತ್ತಿರುತ್ತಿತ್ತು. ಧ್ವನಿಗ್ರಾಹಕರು ಹೆಡ್‌ಫೋನ್ ಕಳಚಿ ನನಗೆ ಲೆಕ್ಕ ಹೇಳಿದರು. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ದನಿ ಎದುರು ಗೋಡೆಗೆ ಬಡಿದು ಮರಳಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಹತ್ತನೇ ಒಂದು ಭಾಗ ಕಳೆದರೆ ಸಾಕು, ಕಿವಿ ಅದನ್ನು ಬೇರೆಯೇ ದನಿ ಎಂದುಕೊಳ್ಳುತ್ತದೆ. ದುಂಡನೆಯ ಗೋಡೆಗೆ ಅಂಟಿಕೊಂಡು ಓಡುವ ದನಿಯ ಕಾಟ ಇನ್ನೊಂದು.

ನಿರ್ದೇಶಕರು ತೀರ್ಮಾನಿಸಿದರು: ಮಾತೆಲ್ಲ ಹೊರಗೆ ಮಾಳಿಗೆಯ ಮೇಲೆ, ಒಳಗೆ ಬರೀ ದೃಶ್ಯ, ಪ್ರತಿಧ್ವನಿಯನ್ನು ಬೆಂಗಳೂರಿನ ಸ್ಟುಡಿಯೊದಲ್ಲಿ ಸೇರಿಸಿಕೊಳ್ಳುವುದು. ಪ್ರತಿಧ್ವನಿಗೆಂದೇ ಹೆಸರಾದ ಕಟ್ಟಡಕ್ಕೆ ಕಂಪ್ಯೂಟರಿನಿಂದ ಪ್ರತಿಧ್ವನಿ! ಸಂಬಳ ಕೊಡುವವರ ಮಾತು, ತಲೆಯಾಡಿಸಿದೆ. ಆದರೆ ಒಪ್ಪಿದ್ದೇನೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ಮಾಳಿಗೆಯಲ್ಲಿ ಬಿಸಿಲು, ಗಾಳಿ. ಮೈಕಿಗೆ ತುಪ್ಪಳದ ಟೋಪಿ ತೊಡಿಸಿ ಶುರು ಮಾಡಿದರು. ‘ಜಗತ್ತಿನ ಎರಡನೇ ಅತಿ ದೊಡ್ಡ ಗುಮ್ಮಟ’ ಎಂಬ ಸಾಲು ಬಂದಾಗ ನಾನು ಬಾಯಿ ಹಾಕಿದೆ. ನಾವು ಶಾಲೆಯಲ್ಲಿ ಉರು ಹೊಡೆದದ್ದೂ ಇದನ್ನೇ. ಆದರೆ ರೋಮಿನ ಪ್ಯಾಂಥಿಯನ್ನಿನ ಒಳ ಅಗಲವೇ 43 ಮೀಟರ್ ದಾಟುತ್ತದೆ. ಅದೇ ಊರಿನ ಸೇಂಟ್ ಪೀಟರ್ಸ್ ಕೂಡ ನಮ್ಮದಕ್ಕಿಂತ ಅಗಲ. ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿ ಈ ಭಾರವನ್ನು ಹೊತ್ತಿವೆ, ಕೆಳಗಿನ ಅಷ್ಟು ದೊಡ್ಡ ಸಭಾಂಗಣದಲ್ಲಿ ಒಂದೂ ಕಂಬವಿಲ್ಲ. ಇಷ್ಟು ಹೇಳಿದರೆ ಸಾಲದೇ, ಸುಳ್ಳು ಪದಕವೇಕೆ? ಮೊಬೈಲಿನಲ್ಲಿ ತಡಕಾಡಿ ನೋಡಿದ ಮೇಲೆ ಸಾಲು ಬದಲಾಯಿತು. ಈ ಗುಮ್ಮಟ ಯಾರ ಸಮಾಧಿಯೋ ಆ ಸುಲ್ತಾನ ಮೊಹಮ್ಮದ್ ಆದಿಲ್ ಶಾಹ 1656ರಲ್ಲಿ ತೀರಿಕೊಂಡ ಸಂಗತಿಯ ಹತ್ತಿರ ನಿರೂಪಕಿ ಎಡವುತ್ತಲೇ ಇದ್ದರು. ಇಸವಿಯನ್ನು ದಪ್ಪಕ್ಷರದಲ್ಲಿ ಬರೆದು ಕ್ಯಾಮೆರಾದ ಕೆಳಗೆ ಹಿಡಿದು ಕೂತೆ.

ಊಟದ ಹೊತ್ತಿಗೆ ಪ್ರವಾಸಿಗರು ಕರಗಿದರು. ಧ್ವನಿಗ್ರಾಹಕರು ನನ್ನನ್ನು ಗುಟ್ಟಾಗಿ ಮತ್ತೆ ಗ್ಯಾಲರಿಗೆ ಕರೆದೊಯ್ದರು. ಅವರು ಒಂದು ಬದಿಗೆ ರೆಕಾರ್ಡರ್ ಹಿಡಿದು ನಿಂತರು, ನಾನು ಎದುರು ಬದಿಗೆ. ಗೈಡ್‌ಗಳು ತೋರಿಸುವಂತೆ ನಿನ್ನೆಯ ಕಾಲ್ ಶೀಟನ್ನು (ದಿನದ ಚಿತ್ರೀಕರಣದ ವೇಳಾಪಟ್ಟಿ) ಗೋಡೆಯ ಹತ್ತಿರ ಹಿಡಿದು ನಿಧಾನವಾಗಿ ಹರಿದೆ. ಅವರು ತಟ್ಟನೆ ತಲೆ ಹೊರಳಿಸಿ ಹಿಂದೆ ನೋಡಿದರು. ಯಾರೋ ಬೆನ್ನ ಹಿಂದೆಯೇ ಹರಿದಂತಾಯಿತಂತೆ. ಆಮೇಲೆ ಹಾಳೆ ಸಣ್ಣ ಚೂರುಗಳಾಗುವವರೆಗೆ ನನ್ನಿಂದ ಹರಿಸಿದರು. ಪಾರಿವಾಳಗಳು ರೆಕ್ಕೆ ಬಡಿದದ್ದನ್ನೂ ಹಿಡಿದುಕೊಂಡರು. ಕೆಳಗಿಳಿಯುವಾಗ ಎದುರಾದ ಇನ್ನೊಂದು ಶಾಲೆಯ ಹುಡುಗರಿಗೆ, ‘ಮೇಲೆ ಹೋಗಿ ಮನಸಾರೆ ಕೂಗಿ’ ಎಂದು ಅವರೇ ಹೇಳಿ, ಮತ್ತೆ ಅವರ ಹಿಂದೆ ಮೆಟ್ಟಿಲು ಹತ್ತಿದರು. ಹೀಗೆ ಹಿಡಿದ ದನಿಯ ಕಡತ ಸಂಕಲನದ ಮೇಜು ಮುಟ್ಟುವಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಕಾರ್ಡಿನ ಮೇಲೆ ಕೆಂಪು ಚೀಟಿ ಅಂಟಿಸಿದ್ದೇನೆ.

ಸಂಜೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಬೆಂಗಳೂರಿನವರು ಹಿಂಡಿಯನ್ನು ಅನ್ನಕ್ಕೆ ಕಲಸಿದರು. ನೋಡಲಾಗದೆ ಮೊಸರು ತರಲು ಎದ್ದೆ.

ನಾಳೆ ಇದೇ ಊರಿನ ಇನ್ನೊಂದು ಸ್ಮಾರಕ, ಇಬ್ರಾಹಿಂ ರೋಜಾ. ಬ್ಯಾಟರಿಗಳು ಚಾರ್ಜಿಗೆ ಬಿದ್ದಿವೆ. ಇನ್ನು ವೋಚರ್ ಬರೆಯಬೇಕು. ಓಡಾಟದ ದೃಶ್ಯಕ್ಕೆ ಟಾಂಗಾ ಕರೆಸಿದ್ದೆವು. ಲೆಕ್ಕದವರು ಅದಕ್ಕೆ ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲನ್ನೇ ತರಬೇಕು ಎಂದಿದ್ದಾರೆ. ಟಾಂಗಾದವರಿಗೆ ಫೋನ್ ಮಾಡಿ ಕೇಳಿದೆ. ಇನ್ನೂ ನಗುತ್ತಿದ್ದಾರೆ.